ಚಿಲ್ಲರೆ ಬಾಕಿ

ಷಣ್ಮುಖ ಅಂತ ಹೆಸರು.
ಆರು ಮುಖದ ಹೆಸರಿಟ್ಟುಕೊಂಡವನು
ಇದ್ದೊಂದನ್ನೂ ಹರಿದುಕೊಂಡು ಬಂದಿದ್ದ
ಮೆಗ್ಗಾನ್ ಆಸ್ಪತ್ರೆಗೆ, ರಾತ್ರಿ ಒಂಬತ್ತೂವರೆಗೆ,
ಹೆಗಲಲ್ಲಿ ಇನ್ನೂ ಕಂಡಕ್ಟರನ ಚರ್ಮದ ಚೀಲ.

ಆಯನೂರು ದಾಟಿದ ಮೇಲೆ ಎಮ್ಮೆ ಅಡ್ಡ ಬಂತಂತೆ.
ಡ್ರೈವರು ಬ್ರೇಕು ಒತ್ತಿದ, ಎಮ್ಮೆ ಉಳಿಯಿತು.
ಫುಟ್‌ಬೋರ್ಡಿನಲ್ಲಿ ನೇತಾಡುತ್ತಿದ್ದವನು
ಮೊದಲು ಬಾಗಿಲ ಗಾಜಿಗೆ ಮುಖ ಕೊಟ್ಟ, ಆಮೇಲೆ ರಸ್ತೆಗೆ.
ಚೀಲ ಬಿಚ್ಚಲು ಹೋದ ಹಮೀದಾ ಸಿಸ್ಟರಿನ ಕೈ ಹಿಡಿದು
"ಕಲೆಕ್ಷನ್" ಅಂದ.
ತುಟಿ ಸೀಳಿದ ಬಾಯಲ್ಲೂ ಆ ಮಾತು ನೆಟ್ಟಗೆ ಬಂತು.
ಅಮ್ಮ ಬರಲಿಲ್ಲ.
ಅದಕ್ಕೆ ತುಟಿಗೆ ತುಟಿ ಕೂಡಬೇಕು.

ಮರಗಟ್ಟಿಸುವ ಮದ್ದಿಗೆ ಮೊದಲು ಕೇಳಲೇಬೇಕಾದ್ದು ಕೇಳಿದೆ.
ಹುಬ್ಬು ಏರಿಸು. ಏರಿಸಿದ.
ಕಣ್ಣು ಬಿಗಿಯಾಗಿ ಮುಚ್ಚು. ಮುಚ್ಚಿದ, ನೀರಿಳಿಯಿತು.
ಹಲ್ಲು ತೋರಿಸು.
ಸೀಟಿ ಹೊಡಿ.
ಅದೇ ಅವನ ಕಸುಬೆಂದು ಆಗ ಹೊಳೆಯಲಿಲ್ಲ ನನಗೆ.
ಸಂದಿನಿಂದ ಬರೀ ಗಾಳಿ,
ಗಾಳಿಯ ಜೊತೆ ಕೆಂಪು ತುಂತುರು, ನನ್ನ ಕನ್ನಡಕದ ಮೇಲೆ.
ನರ ಉಳಿದಿದೆ, ಅಂದೆ. ಇವತ್ತಿಗೆ ಅಷ್ಟು ಸಾಕು.

ಮೊದಲು ತೊಳೆಯುವುದು. ಅರ್ಧ ಗಂಟೆ ಬರೀ ತೊಳೆಯುವುದು.
ಗಾಯದೊಳಗೆ ಜಲ್ಲಿಪುಡಿ, ಡಾಂಬರು, ಸಕ್ಕರೆಯಂಥ ಗಾಜು.
ಒಂದು ಕಾಳು ಬಿಟ್ಟರೂ ಚರ್ಮ ಅದರ ಮೇಲೆ ಮುಚ್ಚಿಕೊಂಡು
ಹಚ್ಚೆಯಾಗಿ ಕೂರುತ್ತದೆ, ಸಾಯುವತನಕ.
ರೇಜರ್ ಹಿಡಿದ ಹೌಸ್‌ಸರ್ಜನ್ ಹುಡುಗನ ಕೈ ತಡೆದೆ:
ಹುಬ್ಬು ಬೋಳಿಸಬೇಡ ಮಾರಾಯ, ಅದು ಗಡಿಕಲ್ಲು.
ಅದನ್ನೇ ಕಿತ್ತರೆ ಯಾವ ಜಮೀನು ಯಾರದ್ದು?

ಆಮೇಲೆ ತುಟಿ.
ಕೆಂಪು ಮುಗಿದು ತೊಗಲು ಶುರುವಾಗುವಲ್ಲಿ
ಕೂದಲೆಳೆಯಂಥ ಬಿಳಿಗೆರೆಯೊಂದಿದೆ, ನಿಮ್ಮ ಮುಖದಲ್ಲೂ ಇದೆ.
ಯಾರೂ ಅದನ್ನು ನೋಡುವುದಿಲ್ಲ,
ಅದು ತಪ್ಪಿದ ದಿನದವರೆಗೆ.
ಮದ್ದು ಹೊಕ್ಕರೆ ತುಟಿ ಊದಿ ಗೆರೆ ಕಳೆದುಹೋಗುತ್ತದೆ.
ಅದಕ್ಕೇ ಮೊದಲೇ ಆ ಕಡೆ ಒಂದು, ಈ ಕಡೆ ಒಂದು
ಶಾಯಿಯ ಚುಕ್ಕಿ ಇಟ್ಟೆ.
ಮೊದಲ ಹೊಲಿಗೆ ಚುಕ್ಕಿಗೆ ಚುಕ್ಕಿ.

ಒಳಗೆ ಬಾಯಿ ಸುತ್ತಿದ ಸ್ನಾಯು: ಎಲೆಯಡಿಕೆ ಸಂಚಿಯ ದಾರ.
ಕಡಿದರೆ ಸಂಚಿಯೇನೋ ಇರುತ್ತದೆ, ಮುಚ್ಚುವುದಿಲ್ಲ.
ಹುಡುಕಿ, ಎಳೆದು, ಕೂಡಿಸಿದೆ.
ಚರ್ಮಕ್ಕೆ ಬರುವಾಗ ಹನ್ನೆರಡೂವರೆ.
ರೆಪ್ಪೆಗೂದಲಿಗಿಂತ ತೆಳು ದಾರ, ನಲವತ್ತೊಂದು ಹೊಲಿಗೆ.
ಲೆಕ್ಕ ಹಮೀದಾಳದು. ನಾನು ಎಣಿಸುವುದಿಲ್ಲ.

ಐದನೇ ದಿನ ದಾರ ತೆಗೆದಾಗ ಕನ್ನಡಿ ಕೇಳಲಿಲ್ಲ.
"ಬಸ್ಸಲ್ಲಿದೆಯಲ್ಲ" ಅಂದ.
ಪ ಫ ಬ ಭ ಮ ಹೇಳಿಸಿದೆ.
ಫ ಸ್ವಲ್ಪ ಸೋರಿತು. ಮ ಬಂದಾಗ ಬಾಯಿ ಪೂರ್ತಿ ಮುಚ್ಚಿತು.
ಆರು ತಿಂಗಳು ಬಿಸಿಲು ಬೇಡ, ಕಲೆ ಕಪ್ಪಾಗುತ್ತದೆ, ಅಂದರೆ
"ಫುಟ್‌ಬೋರ್ಡಿಗೆ ನೆರಳೆಲ್ಲಿದೆ ಮೇಡಂ?" ಅಂತ ನಕ್ಕ, ಎಡಗಡೆ ನಗಲಿಲ್ಲ.
ಮತ್ತೆ ಬರಲಿಲ್ಲ.
ಸರಿಹೋದವರು ಬರುವುದಿಲ್ಲ.
ಸರಿಹೋಗದವರೂ.

ಮೊನ್ನೆ ರಿಪ್ಪನ್‌ಪೇಟೆಯ ಕ್ಯಾಂಪಿಗೆ ಹೊರಟೆ, ಕಾರು ಕೆಟ್ಟಿತ್ತು.
ಕಿಟಕಿ ಪಕ್ಕದ ಸೀಟು. ಟಿಕೆಟ್ ಟಿಕೆಟ್ ಅನ್ನುತ್ತ ಬಂದ.
ಆ ಮುಖ ನನಗೆ ಮಿಲಿಮೀಟರಿನಲ್ಲಿ ಗೊತ್ತು.
ನನ್ನದನ್ನು ಅವನು ಕಂಡೇ ಇಲ್ಲ:
ಎರಡು ಕಣ್ಣು, ಒಂದು ಮಾಸ್ಕು.
ತುಟಿಯ ಗೆರೆ ನೋಡಿದೆ. ಎಡಕ್ಕೆ ಅರ್ಧ ಮಿಲಿಮೀಟರಿನ ಮೆಟ್ಟಿಲು.
ಬೇರೆ ಯಾರಿಗೂ ಕಾಣದು ಅಂತ ಹೇಳಿಕೊಂಡೆ.
ಹುಬ್ಬಿನ ಕೆಳಗೆ ನೀಲಿ ಚುಕ್ಕಿ,
ಸಾಸಿವೆಯಷ್ಟು ಆಯನೂರಿನ ರಸ್ತೆ.
ಅರ್ಧ ಗಂಟೆ ತೊಳೆದಿದ್ದೆ.

"ಎಂತ ಮೇಡಂ, ಮುಖ ನೋಡ್ತೀರಿ, ಚಿಲ್ಲರೆ ಕೊಡಿ."
ಇದ್ದದ್ದು ನೂರರ ನೋಟು.
ಟಿಕೆಟಿನ ಬೆನ್ನಿಗೆ ಮೂವತ್ತೈದು ಅಂತ ಗೀಚಿ
"ಇಳಿಯುವಾಗ ಕೇಳಿ" ಅಂದು ಹಿಂದೆ ಹೋದ.

ಆಮೇಲೆ ಸೀಟಿ.
ಪೀಪಿಯಲ್ಲ, ಬರೀ ಬಾಯಿ. ಸ್ವಲ್ಪ ಗಾಳಿ ಬೆರೆತದ್ದು.
ತಿರುಗಿ ನೋಡಲಿಲ್ಲ ನಾನು.
ಬಸ್ಸು ನಿಂತಿತು.
ಮೀನಿನ ಬುಟ್ಟಿಯವಳು ಇಳಿದು, ಬುಟ್ಟಿಯೂ ಇಳಿದು,
ಎರಡನೇ ಸೀಟಿಗೆ ಹೊರಟಿತು.

ಟಿಕೆಟು ಇನ್ನೂ ಪರ್ಸಿನಲ್ಲಿದೆ.
ಇಳಿಯುವಾಗ ಕೇಳುವುದು ಮರೆತೆ.
ಮರೆತೆ ಅಂತಲೇ ಇಟ್ಟುಕೊಳ್ಳೋಣ.