ಪಕ್ಕದಲ್ಲಿ

ಮಣಿಪಾಲದ ಡಾಕ್ಟರಮ್ಮ ಮೇಜಿನಾಚೆಯಿಂದ ಬರೆದರು:
ಹರ್ಷಲಾ, ವಯಸ್ಸು ನಾಲ್ಕೂವರೆ,
ಕಣ್ಣಿಗೆ ಕಣ್ಣು ಕೊಡುವುದಿಲ್ಲ.
ಆ ಸಾಲನ್ನು ಮಡಚಿ ಅಂಗಿ ಜೇಬಿಗಿಟ್ಟು
ಉಡುಪಿ ಸ್ಟೇಶನ್ನಿನಲ್ಲಿ ಕಾರವಾರದ ರೈಲಿಗೆ ಕಾದೆ.
ಮಗಳು ಬೆಂಚಿನಡಿ ಕೂತು, ಎರಡೂ ಕಿವಿ ಮುಚ್ಚಿ,
ಸ್ಪೀಕರಿನ ಹೆಂಗಸಿನ ದನಿಯಲ್ಲೇ ಹೇಳುತ್ತಿದ್ದಳು:
ಪ್ರಯಾಣಿಕರೇ, ದಯವಿಟ್ಟು ಗಮನಿಸಿ.
ಪ್ರಯಾಣಿಕರೇ, ದಯವಿಟ್ಟು ಗಮನಿಸಿ.
ಅಕ್ಕಪಕ್ಕದವರು ನಕ್ಕರು. ನಾನೂ ನಕ್ಕೆ,
ನಗದಿದ್ದರೆ ಏನು ಮಾಡಬೇಕೋ ತಿಳಿಯದೆ.

ಆಯಿ ದೇವರ ದಾರ ತಂದು ಕಟ್ಟಿದಳು.
ರಾತ್ರಿಯಿಡೀ ಕೆರೆದು ಕೆರೆದು
ಮಣಿಕಟ್ಟು ಬಂಗಡೆಯ ಕಿವಿರಿನಂತೆ ಕೆಂಪಾದಾಗ
ಆಯಿಯೇ ಮೆಟ್ಟುಕತ್ತಿಯಲ್ಲಿ ಕೊಯ್ದು ತೆಗೆದಳು.
"ದೇವರಿಗೆ ಚರ್ಮ ಇದ್ದಿದ್ದರೆ ಗೊತ್ತಾಗ್ತಿತ್ತು" ಅಂದಳು.
ಅಷ್ಟೇ. ಆಮೇಲೆ ಯಾವ ಗುಡಿಯ ಹೆಸರೂ ಎತ್ತಲಿಲ್ಲ.

ಅವಳ ತಾಯಿ ಸುಲಕ್ಷಾಳ ಪಾಡು ಬೇರೆ.
ಮೀನುಪೇಟೆಯಿಂದ ಬಂದವಳು ಹಿತ್ತಲ ಬಾಗಿಲಿಂದಲೇ ಒಳಬಂದು
ಲಿಂಬೆಸಿಪ್ಪೆ ಉಜ್ಜಿ ಎರಡು ಸಲ ಮೀಯಬೇಕು,
ಸೀರೆಯನ್ನು ದೂರದ ತಂತಿಗೆ ಹಾಕಬೇಕು.
ಆಗ ಮಾತ್ರ ಮಗಳು ಬೆನ್ನು ತಾಗಿಸಿ ಕೂರುತ್ತಾಳೆ,
ಗೋಡೆಗೆ ಒರಗಿದಂತೆ, ಜೋರಾಗಿ.
ಒಮ್ಮೆ ತೀರಾ ದಣಿದು ಮೀಯದೆ ಬಂದಳು.
ಹೊಸ್ತಿಲಲ್ಲೇ ಕೂತು ಅತ್ತಳು, ಬುಟ್ಟಿ ಇಳಿಸದೆ.

ಪಕ್ಕದ ಮನೆಯ ತಾಂಡೇಲರು ಹೇಳಿದರು:
"ನಮ್ಮ ದೊಡ್ಡಪ್ಪನಿಗೂ ಆರು ವರ್ಷ ಮಾತಿರಲಿಲ್ಲ,
ಆಮೇಲೆ ಪಂಚಾಯ್ತಿ ಮೆಂಬರಾದ, ಬಾಯಿ ಮುಚ್ಚಲೇ ಇಲ್ಲ."

ಬಿಸ್ಕೀಟನ್ನು ನನ್ನ ಹುಬ್ಬಿನ ಹತ್ತಿರ ಹಿಡಿದು
ನೋಡು ಬಾಯೇ, ಇಲ್ಲಿ ನೋಡು, ಅಪ್ಪನ ಕಣ್ಣು ನೋಡು,
ಎಂದು ದಿನಕ್ಕೆ ಇಪ್ಪತ್ತು ಸಲ.
ನೋಡಿದಳು. ಬಿಸ್ಕೀಟನ್ನು.
ನನ್ನ ಕಣ್ಣು ತಾಗಿದ್ದೇ ತಡ
ಅವಳ ನೋಟ ಏಡಿಯಂತೆ ಬಿಲಕ್ಕೆ ಓಡಿತು.
ಮಧ್ಯಾಹ್ನದ ಸೂರ್ಯನಿಗೆ ಮುಖ ಹಿಡಿಸಿದವರ ಹಾಗೆ
ಅವಳ ರೆಪ್ಪೆ ಅದುರಿದ್ದನ್ನು ಒಂದು ದಿನ ಕಂಡೆ.
ಬಿಸ್ಕೀಟು ಕೈಗೆ ಕೊಟ್ಟುಬಿಟ್ಟೆ.

ಜೂನ್ ಬಂತು. ಬೈತಖೋಲದಲ್ಲಿ ಬೋಟುಗಳೆಲ್ಲ
ಹೊಟ್ಟೆಗೆ ಹೊಟ್ಟೆ ತಾಗಿಸಿ ನಿಂತವು.
ತಾಡಪಾಲಿನಡಿ ನಾವು ಏಳು ಜನ, ಹರಿದ ಬಲೆ,
ನೀಲಿ ನೂಲು, ಬಿದಿರ ಸೂಜಿ.
ಮಗಳನ್ನು ಬಿಡಲು ಬೇರೆ ಜಾಗವಿಲ್ಲದೆ ಕರೆದೊಯ್ದೆ.
ಅಲ್ಲಿ ಕೂತು ಮೊದಲ ಸಲ ಗಮನಕ್ಕೆ ಬಂತು:
ಬಲೆ ನೇಯುವವರು ಯಾರೂ ಯಾರ ಮುಖವನ್ನೂ ನೋಡುವುದಿಲ್ಲ.
ಸಾಲ, ಸಂಬಂಧ, ತಂಗಿಯ ಮದುವೆ,
ಮೂವತ್ತು ವರ್ಷದ ಗೆಳೆತನ,
ಎಲ್ಲ ಗಂಟುಗಳ ಕಡೆ ನೋಡುತ್ತಲೇ.
ನನ್ನ ಅಪ್ಪನ ಕಣ್ಣಿನ ಬಣ್ಣ ಕೇಳಿದರೆ ಹೇಳಲಾರೆ.
ಅವನ ಹೆಬ್ಬೆರಳಿನ ಗಾಯಗಳೆಲ್ಲ ನೆನಪಿವೆ.

ಅವಳೇನೂ ನೇಯಲು ಕಲಿತಿಲ್ಲ, ನಿಮಗೆ ಸುಳ್ಳೇಕೆ.
ಕಣ್ಣಿ ಕಣ್ಣಿಗೂ ಬೆರಳು ತೂರಿಸಿ ಕೂರುತ್ತಾಳೆ,
ಕೆಲವೊಮ್ಮೆ ನಾನು ಹಾಕಿದ್ದನ್ನು ಬಿಚ್ಚುತ್ತಾಳೆ.
ಉಳಿದವರು ಬೈಯುವುದಿಲ್ಲ; ನನ್ನ ಕೂಲಿ ಲೆಕ್ಕದಲ್ಲಿ
ಅಷ್ಟು ಕಡಿಮೆ, ಅಷ್ಟೇ.

ಮೊನ್ನೆ ಕೂರ್ಮಗಡದ ಮೇಲೆ ಮೋಡ ಮಸಿಯಾಗುತ್ತಿತ್ತು.
ಗುಡುಗು ಇನ್ನೂ ನಮ್ಮ ಕಿವಿಗೆ ಬಿದ್ದಿರಲಿಲ್ಲ.
ನೂಲಿನ ಉಂಡೆಯನ್ನು ನನ್ನ ಮೊಣಕಾಲಿಗೆ ಒತ್ತಿ,
ಸಮುದ್ರದ ಕಡೆ ತಿರುಗಿ ಅವಳು ಅಂದಳು:
ಪ್ರಯಾಣಿಕರೇ, ದಯವಿಟ್ಟು ಗಮನಿಸಿ.

ಎರಡು ವರ್ಷ ಈ ಮಾತನ್ನು
ಗಿಣಿಪಾಠ ಅಂದುಕೊಂಡಿದ್ದೆ ನಾನು.

ಸೂಜಿ ಕೆಳಗಿಟ್ಟೆ.
ಎಂಜಿನ್ ಮೆಕ್ಯಾನಿಕ್ ಬಸ್ತ್ಯಾಂವ ಕೊಟ್ಟ ದಪ್ಪ ಕಿವಿಮುಚ್ಚಿಗೆಯನ್ನು
ಹಿಂದಿನಿಂದ, ಮೆಲ್ಲಗೆ, ಅವಳ ತಲೆಗೆ ಹಾಕಿದೆ.
ಆಮೇಲೆ ಬಂತು ಗುಡುಗು, ತಾಡಪಾಲು ನಡುಗಿತು.
ಅವಳ ಭುಜ ನನ್ನ ಪಕ್ಕೆಗೆ ಒತ್ತಿತ್ತು.
ಇಬ್ಬರೂ ಒಂದೇ ಕಡೆ ನೋಡುತ್ತ ಕೂತೆವು.

ಇನ್ನೂ ಒಂಬತ್ತು ಗಂಟು ಬಾಕಿ ಇತ್ತು.