ಇನ್ನೂರ ಹದಿನಾಲ್ಕು ಪೀಸು

ಕೌಲ್ ಬಜಾರಿನ ಹಿಂದಿನ ಗಲ್ಲಿ, ಎರಡನೇ ಅಂತಸ್ತು,
ಹನ್ನೆರಡು ಮಷೀನು, ಒಂದು ಫ್ಯಾನು.
ಜೀನ್ಸಿಗೆ ಲೇಬಲ್ಲು ಹಚ್ಚುವ ಕೆಲಸ ನನ್ನದು.
ಸೊಂಟಪಟ್ಟಿಯ ಬಲಕ್ಕೆ ಚರ್ಮದ ಬಣ್ಣದ ಚೌಕ ತುಂಡು,
ಅದರ ಮೇಲೆ ಒಂದೇ ಒಂದು ಇಂಗ್ಲಿಷ್ ಅಕ್ಷರ,
ಕಾಲಗಲಿಸಿ ನಿಂತು ನಡುವಿಗೆ ಅಡ್ಡಪಟ್ಟಿ ಬಿಗಿದುಕೊಂಡ
ದೊಡ್ಡ ಎ.

ನಾನು ಓದಿದ್ದು ನಾಲ್ಕನೇ ಕ್ಲಾಸು.
ಆಗ ಇಂಗ್ಲಿಷು ಐದಕ್ಕೆ ಬರುತ್ತಿತ್ತು.
ಒಂದೇ ಮೆಟ್ಟಿಲು ಮೇಲೆ ನಿಂತಿತ್ತು,
ನಾನು ಹತ್ತಲಿಲ್ಲ.

ಮೊನ್ನೆ ಸೋಮವಾರ ಕರೆಂಟು ಹೋಗಿ, ಬಂದು, ಮತ್ತೆ ಹೋಗಿ
ಮಬ್ಬಿನಲ್ಲೇ ಹೊಲಿದೆ. ಬೆಳಿಗ್ಗೆ ಚೆಕಿಂಗಿನ ಶಂಶಾದ್ ಕೂಗಿದಳು:
"ಎರ್ರೆಮ್ಮಕ್ಕ, ಏನಿದು, ಎಲ್ಲಾ ತಲಿಕೆಳಗ!"
ಇನ್ನೂರ ಹದಿನಾಲ್ಕು ಪೀಸು.
ಬಿಚ್ಚಿ ಮತ್ತೆ ಹಾಕು, ಕೂಲಿ ಇಲ್ಲ, ಅಂದ ಮಾಲೀಕ.
ಬ್ಲೇಡು ತಗೊಂಡು ಕುಂತೆ.

ಮೊದಲ ದಾರ ಕುಯ್ಯುವ ಮುಂಚೆ
ಅದು ನನ್ನನ್ನು ನೋಡಿತು.
ಎರಡು ಕೋಡು ಮೇಲೆ, ಚೂಪು ಮೂತಿ ಕೆಳಗೆ,
ಹಣೆಗೆ ಕಟ್ಟಿದ ಹಗ್ಗ.
ಗುರುತಿನ ಮುಖ.
ಸಂಗನಕಲ್ಲಿನ ಗುಡ್ಡದಲ್ಲಿ ಆಡು ಕಾಯುವಾಗ
ಕರಿಬಂಡೆಯ ಮೇಲೆ ಇಂಥವೇ ಇದ್ದವು,
ಕಲ್ಲಿಂದ ಕಲ್ಲು ಕುಟ್ಟಿ ಯಾರೋ ಎಬ್ಬಿಸಿದ ಎತ್ತುಗಳು,
ಮೈಗಿಂತ ಉದ್ದ ಕೋಡು.
ಅವುಗಳ ಬೆನ್ನ ಮೇಲೆ ಕೂತೇ ಬುತ್ತಿ ಬಿಚ್ಚುತ್ತಿದ್ದೆವು.
ಪಕ್ಕದ ಬಂಡೆ ಬಡಿದರೆ ಕಂಚಿನ ಹಾಗೆ ಗಣ್ ಅನ್ನುತ್ತಿತ್ತು,
ಆಡುಗಳು ಮೇಯುವುದು ಬಿಟ್ಟು ಕಿವಿ ನಿಗುರಿಸುತ್ತಿದ್ದವು.

ಸಂಜೆ ಒಂದು ಪೀಸು ಮಡಿಚಿ ಚೀಲದಲ್ಲಿಟ್ಟುಕೊಂಡು
ಗಾದಿಲಿಂಗಪ್ಪ ಮೇಷ್ಟ್ರ ಮನೆಗೆ ಹೋದೆ.
ರಿಟೈರಾದ ಡ್ರಾಯಿಂಗ್ ಮೇಷ್ಟ್ರು, ಮಾತಿಗೆ ಕೂತರೆ ಚಾ ಆರುತ್ತದೆ.
ನಗಲಿಲ್ಲ. ಕನ್ನಡಕ ಒರೆಸಿಕೊಂಡರು.
"ನೀ ತಪ್ಪು ಹೊಲಿದಿಲ್ಲವ್ವ," ಅಂದರು,
"ನೀ ಹಳೇದು ಹೊಲಿದಿ."

ನಾಲ್ಕು ಸಾವಿರ ವರ್ಷ ಆಗಿರಬಹುದಂತೆ.
ಈಜಿಪ್ಟಿನ ಮಗ್ಗುಲ ಮರಳುಗಾಡಿನಲ್ಲಿ ನೀಲಿ ಕಲ್ಲಿನ ಗಣಿ.
ಕೂಲಿಗೆ ಬಂದವರು, ಅರಮನೆಯ ಬರಹ ಬಾರದವರು,
ಎತ್ತಿನ ತಲೆ ಗೀಚಿ ಅಲೆಫ್ ಅಂದರು,
ಮನೆ ಗೀಚಿ ಬೇತ್ ಅಂದರು.
ನೀರಿನ ತೆರೆ ಎಂ ಆಯಿತು, ಕಣ್ಣು ಓ ಆಯಿತು.
ಹಡಗಿನ ವ್ಯಾಪಾರಿಗಳು ಎತ್ತನ್ನು ಮಗ್ಗುಲಿಗೆ ಕೆಡವಿದರು,
ಗ್ರೀಕರು ತಲೆಕೆಳಗು ನಿಲ್ಲಿಸಿದರು.
ಕೋಡು ಕಾಲಾದವು.
ಆ ಕಾಲಿಂದಲೇ ನಡೆದು ರೋಮು, ಇಂಗ್ಲೆಂಡು,
ದಂಡಿನ ಹಿಂದೆ ನಮ್ಮ ಕಂಟೋನ್ಮೆಂಟು,
ಕಡೆಗೆ ನನ್ನ ಸೂಜಿಯ ಕೆಳಗೆ.
"ನೊಗಕ್ಕ ಅವರು ಯೋಕ್ ಅಂತಾರ, ಸಂಸ್ಕೃತದಾಗ ಯುಗ.
ಎರಡೂ ಒಂದ ಮರದ ಕಟ್ಟಿಗಿ.
ಎತ್ತು ಅನ್ನೋ ಮಾತು ಮಾತ್ರ ನಮ್ದು, ನೆನಪಿಟ್ಕೋ."

ಕೇಳಿದೆ: "ಹಂಗಾದ್ರ ಗುಡ್ಡದಾಗಿನ ನಮ್ಮೆತ್ತು
ಯಾಕ ಅಕ್ಷರ ಆಗ್ಲಿಲ್ಲ ಸಾರ್?"
ಮೇಷ್ಟ್ರು ಬಸಿ ಮುಚ್ಚಿದ ಚಾ ನೋಡುತ್ತ ಕೂತರು.

ಬಸ್ಸಿನಲ್ಲಿ ನಾನೇ ಯೋಚಿಸಿದೆ.
ಸಗಣಿ ಸುಟ್ಟು ಸುಟ್ಟು ಕುಡತಿನಿಯಲ್ಲಿ ಬೂದಿಯ ಗುಡ್ಡ ಮಾಡಿದವರು
ಸಗಣಿಯಷ್ಟೇ ಎತ್ತನ್ನೂ ಬಲ್ಲವರು.
ಹೆಸರು ಹಿಡಿದು ಕೂಗಿದರೆ ಬರುವುದಕ್ಕೆ
ಅಕ್ಷರ ಯಾಕೆ ಬೇಕು.
ಅಥವಾ ಬೇಕಿತ್ತೋ ಏನೋ.
ಬರೆದಿಟ್ಟಿದ್ದರೆ ಕ್ರಷರಿನವರು
ಆ ಅರ್ಧ ಬಂಡೆಯನ್ನು ಜೆಲ್ಲಿ ಮಾಡುತ್ತಿರಲಿಲ್ಲವೋ ಏನೋ.

ಮೂರು ದಿನ ಬಿಚ್ಚಿದೆ.
ಉಗುರಿನ ಸಂದಿಯಲ್ಲಿ ನೀಲಿ ಇಳಿದು
ಅನ್ನ ಕಲಸಿದರೂ ಹೋಗಲಿಲ್ಲ.
ಇನ್ನೂರ ಹದಿಮೂರು ಎತ್ತುಗಳನ್ನು
ಮತ್ತೆ ಕಾಲ ಮೇಲೆ ನಿಲ್ಲಿಸಿದೆ.
ಚೀಲದಲ್ಲಿದ್ದುದನ್ನು ಹಾಗೆಯೇ ಬಂಡಲಿನ ನಡುವೆ ಸೇರಿಸಿದೆ.

ಶಂಶಾದ್ ಎಣಿಸುತ್ತ ಬಂದಳು. ಅಲ್ಲಿ ಕೈ ನಿಂತಿತು.
ನನ್ನ ಮುಖ ನೋಡಿದಳು, ಲೇಬಲ್ಲು ನೋಡಿದಳು,
ಓಕೆ ಸೀಲು ಒತ್ತಿದಳು.

ಅದರಲ್ಲಿ ಮೊದಲನೆಯದು, ಮೇಷ್ಟ್ರು ಹೇಳಿದ್ದರಲ್ಲ,
ಕಣ್ಣು.