ನಾಲ್ನೂರ ಇಪ್ಪತ್ತು

ಊರೊಳಗೆ ಹತ್ತುವುದೇ ಇಲ್ಲ ಅಂತಾಳೆ ತ್ಸಿಯುರಿ.
ರಿಕೋಟಿ ಘಾಟಿಯಲ್ಲಿ, ಮೂರನೇ ತಿರುವು ಕಳೆದ ಮೇಲೆ,
ಹಿಂದಿನ ಸೀಟಿನ ಬಕೆಟ್ಟುಗಳಲ್ಲಿ
ನಲವತ್ತು ಕಿಲೋ ಚೀಸು ಉಪ್ಪುನೀರು ತುಳುಕಿಸುವಾಗ
ಗಾಜಿನ ಹಿಂದೆ ಮೂಡುತ್ತದೆ
ಕಿರುಬೆರಳ ಉಗುರಿನಷ್ಟು
ಒಂದು ಹಳದಿ ಇಂಜಿನ್ನು.

ಅದರ ಮೇಲೆ ಮೊಸರು ಡಬ್ಬಿಯ ಲೇಬಲ್ಲು ಅಂಟಿಸಿದ್ದಾಳೆ.
"ಕಂಡರೆ ತಾನೇ ಹೆದರಿಕೆ, ಮಲ್ಖಾಜ್?"
ಲೇಬಲ್ಲಿನ ಅಂಚಿಂದ ಬೆಳಕು
ಬಾಗಿಲ ಸಂದಿಯಿಂದ ಬರುವ ಹಾಗೆ ಬರುತ್ತಿತ್ತು.

ಮೊದಲ ಸಲ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬದಲಿಸಿದೆ.
ಅರ್ಧಕ್ಕರ್ಧ ಕಾಯಿಲೆ ಸಡಿಲ ಮುಚ್ಚಳದ್ದೇ.
ಎರಡನೇ ಸಲ ನಾಲ್ಕು ಪ್ಲಗ್ಗು.
ಬ್ಯಾಟರಿಯ ವೈರು ಕಿತ್ತು ಹತ್ತು ನಿಮಿಷ ಬಿಟ್ಟೆ,
ಗಾಡಿ ಎಲ್ಲವನ್ನೂ ಮರೆಯಲಿ ಅಂತ.
ಮರೆಯಿತು.
ರಿಕೋಟಿಯವರೆಗೆ.

ಸ್ಕ್ಯಾನರು ಪಕ್ಕದ ಓತಾರಿಯದು;
ಕೇಳಿದರೆ ಹೆಂಡತಿಯನ್ನೇ ಕೇಳಿದಂತೆ ಮುಖ ಮಾಡುತ್ತಾನೆ.
ಮೂರನೇ ಸಲ ಬೇರೆ ದಾರಿಯಿರಲಿಲ್ಲ.
ಚುಚ್ಚಿದೆ. ಯೋಚಿಸಿತು. ಉಗುಳಿತು:
ನಾಲ್ನೂರ ಇಪ್ಪತ್ತು.

ಡಾಕ್ಟರಿಕೆ ಓದಲು ಬಂದಿದ್ದ ಇಂಡಿಯಾದ ಹುಡುಗನೊಬ್ಬ
ತನ್ನ ಡಕೋಟಾ ಗಾಡಿಗೂ ಇದೇ ಅಂಕಿ ಬಂದಾಗ
ಇದೇ ಸ್ಟೂಲಿನ ಮೇಲೆ ಕೂತು ಹೊಟ್ಟೆ ಹಿಡಿದು ನಕ್ಕಿದ್ದ.
ನಮ್ಮ ಕಡೆ ಇದು ವಂಚಕನ ಹೆಸರು ಅಂದಿದ್ದ.
ಅಂಕಿಗೆ ಏನು ಗೊತ್ತು ಅಂದಿದ್ದೆ ನಾನು.

ಗಾಡಿಯನ್ನು ಲಿಫ್ಟಿಗೆ ಹಾಕಿ ಎತ್ತಿದೆ.
ಹೊಗೆಕೊಳವೆಯ ನಡುವಿನ ಡಬ್ಬಿಯನ್ನು ಗೆಣ್ಣಿಂದ ತಟ್ಟಿದೆ.
ಠಣ್.
ತುಂಬಿದ್ದರೆ ಠಣ್ ಅನ್ನುವುದಿಲ್ಲ.
ಅದರಾಚೆ ಸೆನ್ಸರಿನ ಕುತ್ತಿಗೆಗೆ
ಯಾರೋ ಹೆಬ್ಬೆರಳಿನಷ್ಟು ಕಬ್ಬಿಣದ ಗೂಟ ತೊಡಿಸಿದ್ದಾರೆ,
ಹೊಗೆಯ ವಾಸನೆ ಸರಿಯಾಗಿ ಸಿಗದಿರಲಿ ಅಂತ.
ಸಪಾಟು ರಸ್ತೆಯಲ್ಲಿ ನಂಬಿಕೊಂಡಿರುತ್ತದೆ ಪಾಪ.
ಏರಿನಲ್ಲಿ ಉಸಿರು ಕಟ್ಟಿದಾಗ
ನಿಜ ಹೇಳಿಬಿಡುತ್ತದೆ.

ಟಾರ್ಚು ಇನ್ನೂ ಹತ್ತಿರ ಹಿಡಿದೆ.
ಡಬ್ಬಿಯ ಹೊಟ್ಟೆಯ ಮೇಲೆ ಬೆಸುಗೆಯ ಗೆರೆ.
ನಾನು ಎಡಚ.
ಈ ಸಾಲಿನ ಅಂಗಡಿಗಳಲ್ಲಿ ಬೆಸುಗೆಯ ಅಲೆ
ಹೀಗೆ ಬಲಕ್ಕೆ ವಾಲುವುದು
ಒಂದೇ ಒಂದು ಕೈಯಲ್ಲಿ.

ನಾಲ್ಕು ಚಳಿಗಾಲದ ಹಿಂದೆ ನುಗ್ಜಾರ್
ಒಂದೇ ರಾತ್ರಿ ಆರು ಗಾಡಿ ತಂದಿದ್ದ,
ಬೆಳಗಾದರೆ ರುಸ್ತಾವಿಯ ಸಂತೆಗೆ.
ಕೊಯ್ದೆ, ಒಳಗಿನ ಬೂದು ಜೇನುಗೂಡು ತೆಗೆದೆ,
ಮುಚ್ಚಿ ಹೊಲಿದೆ.
ಪ್ಲಾಟಿನಂ ಇರುತ್ತದೆ ಅದರಲ್ಲಿ, ಕಣ್ಣಿಗೆ ಕಾಣದಷ್ಟು.
ಗೋಣಿಚೀಲ ತೂಗಿ ದುಡ್ಡು ಕೊಟ್ಟರು.
ಆ ದುಡ್ಡಲ್ಲಿ ಕೊಂಡದ್ದು
ಈ ಲಿಫ್ಟು.

"ಏನಂತೆ ಅದಕ್ಕೆ?" ಅಂದಳು ತ್ಸಿಯುರಿ,
ಟೈರಿನ ರಾಶಿಯ ಮೇಲೆ ಕೂತು ಸೂರ್ಯಕಾಂತಿ ಬೀಜ ಬಿಡಿಸುತ್ತ.

"ಮಾರಿದವನು ಮೋಸ ಮಾಡಿದ್ದಾನೆ" ಅಂದೆ.
ಸುಳ್ಳಲ್ಲ.
ಊರೊಳಗಿನ ನಿಜ.

ಅಪ್ಪಚ್ಚಿಯಾದ ಗಾಡಿಯೊಂದರಿಂದ ಒಳ್ಳೆಯ ಡಬ್ಬಿ ಬಿಚ್ಚಿ ತಂದು
ಎರಡು ದಿನ ಕೂತು ಹಾಕಿಕೊಟ್ಟೆ.
ಕೂಲಿ ಬೇಡ ಅಂದೆ.
ಆಗ ಮಾತ್ರ ಅವಳು ಬೀಜ ಬಿಡಿಸುವುದು ನಿಲ್ಲಿಸಿ
ನನ್ನ ಮುಖ ನೋಡಿದಳು,
ಸ್ವಲ್ಪ ಹೊತ್ತು.

ಶನಿವಾರ ಫೋನು: ಘಾಟಿ ದಾಟಿದೆ, ಹತ್ತಲಿಲ್ಲ,
ಲೇಬಲ್ಲು ಕಿತ್ತು ಬಿಸಾಕಿದೆ.
ಬೆಂಚಿನ ಮೇಲೆ ಬಟ್ಟೆಯಲ್ಲಿ ಸುತ್ತಿಟ್ಟು ಹೋಗಿದ್ದಳು
ಒಂದು ಇಡೀ ಗುಂಡು ಚೀಸು.

ನೀರಲ್ಲಿ ನೆನೆಹಾಕಿ ತಿನ್ನಬೇಕು ಅದನ್ನ.
ಹಾಕಲಿಲ್ಲ. ಮೆಕ್ಕೆಜೋಳದ ರೊಟ್ಟಿಯ ಜೊತೆ ಹಾಗೇ ತಿಂದೆ.
ರಾತ್ರಿ ಎದ್ದೆ. ಮತ್ತೆ ಎದ್ದೆ.
"ಏನಾಗಿದೆ ನಿಮಗೆ?" ಕತ್ತಲಲ್ಲಿ ಮನಾನಾ.
"ಬಾಯಾರಿಕೆ" ಅಂದೆ,
ನಲ್ಲಿಯ ಕೆಳಗೆ ಲೋಟ ಹಿಡಿದು.